ಸೊನ್ನೆಯೋ, ಓ ಅಕ್ಷರವೋ?

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಭರಣಿಯ ವಿಷಯ ಬರೆದು ಮುಗಿಸುವಾಗ, ಈ ಸಲ ಖಾರಘರದ ಗುಡ್ಡದ ಮಳೆಗಾಲವನ್ನು ಕುರಿತು ಬರೆಯುತ್ತೇನೆಂದು ವಾಚಕರಿಗೆ ಮಾತು ಕೊಟ್ಟಿದ್ದೆ. ಪಾಂಡವಕಡಾದ ಜಲಪಾತ ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಮುಂದಿನ ಸಂಚಿಕೆಗಿರಲಿ. ಈಗ ಒಂದು ಪಟ್ಟಿಯ ಕಥೆ ಹೇಳಬೇಕಾಗಿದೆ. ಪಟ್ಟಿ ಎಂದೊಡನೆ ಪುಟ ಮಗುಚಬೇಡಿ. ಅದರಲ್ಲಿ ನಿಮ್ಮ ಹೆಸರೂ ಇರಬಹುದು.

ನಮ್ಮ ಸಂಘದಲ್ಲಿ ರಕ್ತದಾನಿಗಳ ಪಟ್ಟಿಯೊಂದಿದೆಯೆಂಬುದು ಹಳೆಯ ಸದಸ್ಯರಿಗೆ ಗೊತ್ತಿದ್ದ ಸಂಗತಿಯೇ. ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನೆ ಮತ್ತು ಚಿಕಿತ್ಸೆಯ ಆಸ್ಪತ್ರೆ ನಮ್ಮ ಖಾರಘರದಲ್ಲಿಯೇ ಇರುವುದರಿಂದ, ಕರ್ನಾಟಕದ ಮೂಲೆ ಮೂಲೆಯಿಂದ ಜನ ಇಲ್ಲಿಗೆ ಬರುತ್ತಾರೆ. ಬಂದವರಿಗೆ ಭಾಷೆ ಬಾರದು, ಊರು ತಿಳಿಯದು. ಯಾರಾದರೂ ಕನ್ನಡದವರು ಸಿಕ್ಕರೆ ಸಾಕೆಂದು ಹುಡುಕುತ್ತ ಹೇಗೋ ನಮ್ಮ ಕಾರ್ಯದರ್ಶಿಗಳ ಫೋನು ನಂಬರನ್ನು ಸಂಪಾದಿಸುತ್ತಾರೆ. ಅಂಥವರಿಗಾಗಿಯೇ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮವರ ಹೆಸರು, ರಕ್ತದ ಗುಂಪು, ಫೋನು ಇವನ್ನೆಲ್ಲ ಎಕ್ಸೆಲ್ಲಿನ ಹಾಳೆಯೊಂದರಲ್ಲಿ ಬರೆದಿಟ್ಟಿದ್ದೇವೆ. ಒಟ್ಟು 438 ಸಾಲು. 2014ರಲ್ಲಿ ಅದನ್ನು ಮೊದಲು ಟೈಪು ಮಾಡಿದವನು ನಾನೇ ಎಂದು ಎರಡು ಮೂರು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

2025ರ ಜುಲೈ ತಿಂಗಳ ಒಂದು ರಾತ್ರಿ, ಹನ್ನೊಂದು ಹೊಡೆದಿರಬೇಕು, ಧೋ ಎಂದು ಮಳೆ. ಕಾರ್ಯದರ್ಶಿಗಳು ಫೋನು ಮಾಡಿ, ವಿಜಾಪುರದ ಕಡೆಯ ಒಬ್ಬರನ್ನು ನನ್ನೊಡನೆ ಮಾತಿಗೆ ಹಚ್ಚಿದರು. ಅವರ ಮಗಳಿಗೆ ಒಂಬತ್ತು ವರ್ಷ. "ಸಾಹೇಬ್ರ, ಓ ನೆಗೆಟಿವ್ ಬೇಕಂತ ಹೇಳ್ಯಾರ್ರಿ. ಇಲ್ಲಿ ನಮಗ ಯಾರೂ ಗೊತ್ತಿಲ್ರಿ" ಎಂದರು. ಧ್ವನಿಯಲ್ಲಿ ಅಳು ಇರಲಿಲ್ಲ. ಅತ್ತು ಮುಗಿದ ಮೇಲಿನ ಧ್ವನಿ ಅದು. ಓ ನೆಗೆಟಿವ್ ರಕ್ತದವರು ಎಲ್ಲರಿಗೂ ಕೊಡಬಹುದು. ಆದರೆ ಅವರಿಗೆ ಓ ನೆಗೆಟಿವ್ ಮಾತ್ರವೇ ಆಗಬೇಕು. ನಮ್ಮ ದೇಶದಲ್ಲಿ ಅಂಥವರು ಬಹಳ ಕಡಿಮೆ.

ಹಾಳೆಯನ್ನು ತೆರೆದು ಓ ಅಕ್ಷರ, ಪಕ್ಕದಲ್ಲಿ ಕಳೆಯುವ ಗುರುತು ಹಾಕಿ ಹುಡುಕಿದೆ. ಇಬ್ಬರು ಸಿಕ್ಕರು. ಒಬ್ಬರು ಮದುವೆಗೆಂದು ದಾವಣಗೆರೆಗೆ ಹೋಗಿದ್ದರು. ಇನ್ನೊಂದು ನಂಬರಿಗೆ ಮಾಡಿದಾಗ ಹೆಂಗಸೊಬ್ಬರು ಎತ್ತಿಕೊಂಡರು. ನಾನು ಅವಸರದಲ್ಲಿ, "ಯಜಮಾನರಿಗೆ ಸ್ವಲ್ಪ ಕೊಡಿ ತಾಯಿ, ರಕ್ತ ಬೇಕಾಗಿದೆ" ಎಂದೆ. ಒಂದು ಗಳಿಗೆ ಮಾತಿಲ್ಲ. ಆಮೇಲೆ, "ಅವರು ಹೋಗಿ ಬರುವ ಚೌತಿಗೆ ಎರಡು ವರ್ಷ ಆಗ್ತದೆ. ಈ ಫೋನು ಈಗ ನನ್ನ ಹತ್ರ ಉಂಟು" ಎಂದರು. ನಾನು ಏನೇನೋ ತೊದಲಿದೆ. ಆ ತಾಯಿಯೇ ನನಗೆ ಸಮಾಧಾನ ಹೇಳಿ, "ಹುಡುಗಿಗೆ ಸಿಕ್ಕಿದ ಮೇಲೆ ಒಂದು ಫೋನು ಮಾಡಿ" ಎಂದು ಕೇಳಿಕೊಂಡರು.

ಕಾರ್ಯದರ್ಶಿಗಳು ಪಟ್ಟಿಯಲ್ಲಿದ್ದ ಎಲ್ಲ ನಂಬರುಗಳಿಗೂ ಒಟ್ಟಾಗಿ ಸಂದೇಶ ಬಿಟ್ಟರು. ಬೆಳಗಿನ ಜಾವ ಐರೋಳಿಯಿಂದ ಮರಾಠಿ ಹುಡುಗನೊಬ್ಬ, ನಮ್ಮವರ ಗೆಳೆಯನ ಗೆಳೆಯ, ಮಳೆಯಲ್ಲಿ ಬೈಕು ಓಡಿಸಿಕೊಂಡು ಬಂದು ರಕ್ತ ಕೊಟ್ಟುಹೋದ. ಹುಡುಗಿ ಉಳಿದಳು. ಆ ಹುಡುಗ ಚಹಾ ಕುಡಿಯಲೂ ನಿಲ್ಲಲಿಲ್ಲ.

ಮಾರನೆಯ ದಿನ ಕಾರ್ಯದರ್ಶಿಗಳು ಮನೆಗೇ ಬಂದರು. "ರಾಯರೇ, ನಮ್ಮಲ್ಲಿ ಓ ನೆಗೆಟಿವ್ ಐದು ಜನ ಇದ್ದಾರೆಂದು ಶಿಬಿರದಲ್ಲಿ ನಾನೇ ಎಣಿಸಿದ್ದೆ. ನಿಮಗೆ ಇಬ್ಬರೇ ಹೇಗೆ ಸಿಕ್ಕರು?" ಎಂದರು. ಇಬ್ಬರೂ ಕೂತು 438 ಸಾಲುಗಳನ್ನೂ ಬೆರಳಿಟ್ಟು ನೋಡಿದೆವು. ಒಬ್ಬರ ಮುಂದೆ ಕನ್ನಡದಲ್ಲಿ 'ಓ ನೆಗೆಟಿವ್' ಎಂದಿತ್ತು. ಇನ್ನೊಬ್ಬರಿಗೆ ಓ ಅಕ್ಷರದ ಮುಂದೆ ತೆರಪು ಬಿಟ್ಟು 'ವಿಇ' ಬಾಲ ಸೇರಿಸಿದ್ದರು. ಮೂರನೆಯವರಿಗೆ ಓ ಅಕ್ಷರವೇ ಅಲ್ಲ, ಸೊನ್ನೆ! ಕಣ್ಣಿಗೆ ಎರಡೂ ಒಂದೇ ದುಂಡು. ಯಂತ್ರಕ್ಕೆ ಮಾತ್ರ ಆನೆಗೂ ಆಡಿಗೂ ಇರುವಷ್ಟು ಅಂತರ. ಆ ಮೂರನೆಯವರ ಮನೆ ಆಸ್ಪತ್ರೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ.

ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದವನು ನಾನು. ಜೂನ್ 30 ಮತ್ತು ಡಿಸೆಂಬರ್ 31 ಬಂದಿತೆಂದರೆ ಅರ್ಧವಾರ್ಷಿಕ ಲೆಕ್ಕ ಮುಗಿಯುವ ತನಕ ಮನೆಯ ಮುಖ ಕಾಣುವಂತಿರಲಿಲ್ಲ. ಲೆಡ್ಜರುಗಳ ಮೊತ್ತ ಒಂದಕ್ಕೊಂದು ತಾಳೆಯಾಗದಿದ್ದರೆ, ವ್ಯತ್ಯಾಸವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡು ಎಂದು ನಮ್ಮ ಹಿರಿಯ ಗುಮಾಸ್ತರು ಕಲಿಸಿದ್ದರು. ಸರಿಯಾಗಿ ಭಾಗವಾದರೆ ಎಲ್ಲಿಯೋ ಅಂಕೆಗಳು ಹಿಂದು ಮುಂದಾಗಿವೆಯೆಂದು ಅನುಮಾನಿಸಬೇಕು. 28ರ ಬದಲು 82 ಬರೆದರೆ ವ್ಯತ್ಯಾಸ 54, ಅಂದರೆ ಆರು ಒಂಬತ್ತಲ. ಈ ಒಂದು ಸೂತ್ರದಿಂದ ಎಷ್ಟೋ ರಾತ್ರಿಗಳ ಕೊನೆಯ ಲೋಕಲು ಗಾಡಿ ನಮಗೆ ತಪ್ಪದೆ ಸಿಕ್ಕಿದೆ. ಆದರೆ ಹಣದ ಲೆಕ್ಕಕ್ಕೆ ಜಮೆ, ಖರ್ಚು ಎಂಬ ಎರಡು ತಕ್ಕಡಿಗಳಿವೆ. ತಪ್ಪಾದರೆ ತಕ್ಕಡಿಯೇ ವಾಲಿ ಹೇಳುತ್ತದೆ. ಹೆಸರು ವಿಳಾಸಗಳ ಪಟ್ಟಿಗೆ ತಕ್ಕಡಿಯೆಲ್ಲಿದೆ? ತಪ್ಪು ಅಲ್ಲಿಯೇ ಬೆಚ್ಚಗೆ ಮಲಗಿರುತ್ತದೆ, ಯಾರಾದರೂ ರಾತ್ರಿ ಹನ್ನೊಂದಕ್ಕೆ ಹುಡುಕುವ ತನಕ.

ಎಕ್ಸೆಲ್ಲಿನಲ್ಲಿ ಇದಕ್ಕೊಂದು ಕಾವಲುಗಾರನಿದ್ದಾನೆ. ಡೇಟಾ ವ್ಯಾಲಿಡೇಷನ್ ಎಂದು ಅವನ ಹೆಸರು. ಈ ಕಾಲಮ್ಮಿನಲ್ಲಿ ಇಂತಿಂಥ ಎಂಟು ರಕ್ತಗುಂಪುಗಳಲ್ಲದೆ ಬೇರೇನನ್ನೂ ಬಿಡಬೇಡ, ಈ ಕಾಲಮ್ಮಿನಲ್ಲಿ 18ರಿಂದ 65ರೊಳಗಿನ ವಯಸ್ಸಲ್ಲದೆ ಬೇರೆ ಬಂದರೆ ತಡೆ, ಎಂದು ಅವನಿಗೆ ಅಪ್ಪಣೆ ಕೊಟ್ಟರೆ ಬಾಗಿಲಲ್ಲಿಯೇ ನಿಂತು ತಡೆಯುತ್ತಾನೆ. ವಾಸ್ತವವಾಗಿ ನಮ್ಮ ಹಾಳೆಗೆ ಇಂಥ ಅಪ್ಪಣೆಯನ್ನು ಯಾರೋ ಹಿಂದೆಯೇ ಕೊಟ್ಟಿದ್ದರು! ಆದರೂ ತಪ್ಪು ಹೇಗೆ ಒಳಹೊಕ್ಕಿತು? ಈ ಕಾವಲುಗಾರ ಕೈಯಿಂದ ಟೈಪು ಮಾಡಿದ್ದನ್ನು ಮಾತ್ರ ತಡೆಯುತ್ತಾನೆ. ಬೇರೆ ಕಡೆಯಿಂದ ನಕಲು ತೆಗೆದು ಅಂಟಿಸಿದರೆ ಕಣ್ಣು ಮುಚ್ಚಿಕೊಂಡು ಬಿಡುತ್ತಾನೆ. ಅಷ್ಟೇ ಅಲ್ಲ, ಅಂಟಿಸಿದ ರಭಸಕ್ಕೆ ಕೊಟ್ಟ ಅಪ್ಪಣೆಯೂ ಅಳಿಸಿಹೋಗಬಹುದು. ಅಪ್ಪಣೆ ಕೊಡುವ ಮೊದಲೇ ಒಳಗೆ ಕುಳಿತವರನ್ನಂತೂ ಅವನು ಎಬ್ಬಿಸುವುದೇ ಇಲ್ಲ. ನಮ್ಮ ಶಿಬಿರದ ಹುಡುಗರು ವಾಟ್ಸಾಪಿನಲ್ಲಿ ಬಂದ ಹೆಸರುಗಳನ್ನು ಕಂತೆ ಕಂತೆಯಾಗಿ ಅಂಟಿಸಿದ್ದರು. ಹಿತ್ತಲ ಬಾಗಿಲಿಂದ ದಿಬ್ಬಣವೇ ಬಂದು ಊಟಕ್ಕೆ ಕೂತ ಹಾಗಾಯಿತು.

ನಮ್ಮಂಥ ಸಣ್ಣ ಸಂಘದವರಷ್ಟೇ ಎಡವುತ್ತಾರೆಂದು ತಿಳಿಯಬೇಡಿ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯವರು ಕೋವಿಡ್ ತಗಲಿದವರ ಪಟ್ಟಿಯನ್ನು ಎಕ್ಸೆಲ್ಲಿನ ಹಳೆಯ ನಮೂನೆಯಲ್ಲಿ ಇಳಿಸಿಕೊಳ್ಳುತ್ತಿದ್ದರು. ಆ ನಮೂನೆಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮಿಕ್ಕದ್ದು ಚೆಲ್ಲಿಹೋಯಿತು. 15,841 ಮಂದಿಯ ಹೆಸರು ಹೊತ್ತಿಗೆ ಸರಿಯಾಗಿ ಲೆಕ್ಕಕ್ಕೆ ಬರಲಿಲ್ಲ. ಅವರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವುದು ಅಷ್ಟು ದಿನ ತಡವಾಯಿತು. ಜೀವವಿಜ್ಞಾನಿಗಳ ಪಾಡು ಇನ್ನೂ ವಿನೋದದ್ದು. 'ಮಾರ್ಚ್ 1', 'ಸೆಪ್ಟ್ 2' ಎಂಬ ಹೆಸರಿನ ವಂಶವಾಹಿಗಳನ್ನು ಎಕ್ಸೆಲ್ಲಿನಲ್ಲಿ ಬರೆದರೆ ಅದು ತಾರೀಖೆಂದು ತಿಳಿದು ಬದಲಾಯಿಸಿಬಿಡುತ್ತದೆ. ಯಂತ್ರ ತಿದ್ದಿಕೊಳ್ಳಲಿಲ್ಲವಾಗಿ 2020ರಲ್ಲಿ ವಿಜ್ಞಾನಿಗಳೇ ಆ ವಂಶವಾಹಿಗಳಿಗೆ ಮರುನಾಮಕರಣ ಮಾಡಿದರು! ನಮ್ಮ ಪಟ್ಟಿಯಲ್ಲಿಯೂ 5-12ನೇ ನಂಬರಿನ ಮನೆಯವರೊಬ್ಬರು ಡಿಸೆಂಬರ್ 5ರಲ್ಲಿ ವಾಸವಾಗಿದ್ದರು.

ಇಷ್ಟು ತಪ್ಪುಗಳನ್ನು ಆರಿಸುವುದು ಯಾರು? ನನ್ನ ಮೊಮ್ಮಗಳು ವಾಶಿಯಲ್ಲಿ ಕಾಲೇಜು ಓದುತ್ತಾಳೆ. "ಅಜ್ಜ, ಕೃತಕ ಬುದ್ಧಿಯ ಸಹಾಯಕನನ್ನು ಕೇಳೋಣ" ಎಂದಳು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಇಂಥವು ಹಲವಾಗಿವೆ. ಈಗ ಎಕ್ಸೆಲ್ಲಿನೊಳಗೇ ಕೋಪೈಲಟ್ ಎಂದೂ, ಗೂಗಲ್ ಶೀಟ್ಸಿನಲ್ಲಿ ಜೆಮಿನಿ ಎಂದೂ ಕುಳಿತಿರುತ್ತವೆ. ಪ್ರಶ್ನೆಯನ್ನು ಮಾತಾಡುವ ಭಾಷೆಯಲ್ಲಿಯೇ ಕೇಳಬಹುದು, ಕನ್ನಡದಲ್ಲಿಯೂ. ನಾನು ಪೂರ್ತಿ ಪಟ್ಟಿಯನ್ನು ಅದರ ಮುಂದೆ ಸುರಿಯಲು ಹೊರಟಿದ್ದೆ. ಹುಡುಗಿ ತಡೆದಳು. "ಇವರೆಲ್ಲರ ಹೆಸರು, ಫೋನು, ರಕ್ತದ ವಿಷಯ ಪರರಿಗೆ ಕೊಡಲು ನಿಮಗೆ ಒಪ್ಪಿಗೆ ಕೊಟ್ಟವರು ಯಾರು?" ಸರಿಯಾದ ಮಾತು. 2023ರಲ್ಲಿ ನಮ್ಮ ದೇಶದಲ್ಲಿಯೂ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯಿದೆಯಾಗಿದೆ. ಕಾಯಿದೆಯಿಲ್ಲದಿದ್ದರೂ, ಸದಸ್ಯರು ನಂಬಿ ಕೊಟ್ಟದ್ದನ್ನು ಬೀದಿಯಲ್ಲಿ ಹರಡುವುದುಂಟೇ? ಹೆಸರು, ಫೋನು ಎರಡನ್ನೂ ತೆಗೆದು ಬರಿಯ ಕ್ರಮಸಂಖ್ಯೆ ಇಟ್ಟು, ರಕ್ತದ ಗುಂಪು, ವಯಸ್ಸು, ಪಿನ್‌ಕೋಡು, ಕೊನೆಯ ಸಲ ರಕ್ತ ಕೊಟ್ಟ ತಾರೀಖು ಇಷ್ಟನ್ನೇ ಒಪ್ಪಿಸಿದೆವು.

"ಇದರಲ್ಲಿ ತಪ್ಪುಗಳೆಷ್ಟು?" ಎಂದು ಮೊದಲು ಕೇಳಿದೆವು. ತಡವಿಲ್ಲದೆ, ಬಹು ವಿನಯದಿಂದ, 412 ಸಾಲುಗಳಲ್ಲಿ ಹದಿನೇಳು ತಪ್ಪು ಎಂದಿತು. ಕೊಟ್ಟದ್ದು 438! ಹದಿನೇಳರಲ್ಲಿ ನಾಲ್ಕು ತಪ್ಪುಗಳೇ ಅಲ್ಲ. ಖಾರಘರದ 410210 ಎಂಬ ಪಿನ್‌ಕೋಡು ಸಂಶಯಾಸ್ಪದವಂತೆ, ಏಕೆಂದರೆ ನವಿ ಮುಂಬಯಿಯ ವಾಶಿ, ನೆರೂಳ, ಬೇಲಾಪುರಗಳದ್ದು 400ರಿಂದ ಆರಂಭವಾಗುತ್ತದೆ. ನಾವು ರಾಯಗಡ ಜಿಲ್ಲೆಯವರು, ಪನವೇಲಿನ ನೆರೆಯವರು; ನಮ್ಮದು 410ರಿಂದಲೇ ಆರಂಭವಾಗಬೇಕು. ಇಪ್ಪತ್ತು ವರ್ಷದಿಂದ ಇಲ್ಲಿ ಹಾಲು ತರುವ ನನಗೆ ಇದು ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಜವಾದ ತಪ್ಪುಗಳೆಷ್ಟೋ ಅದರ ಕಣ್ಣಿಗೆ ಬಿದ್ದಿರಲಿಲ್ಲ. "ಹಾಗಾದರೆ ಇದೂ ನಮ್ಮ ಶಾಖೆಯ ಹೊಸ ಗುಮಾಸ್ತನ ಹಾಗೆಯೇ" ಎಂದೆ. ಅದು ಎಣಿಸುವುದಿಲ್ಲ, ಎಣಿಸಿದವರು ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡುತ್ತದೆ.

ಹುಡುಗಿ ಪ್ರಶ್ನೆಯ ದಾರಿಯನ್ನೇ ಬದಲಾಯಿಸಿದಳು. ಉತ್ತರ ಕೊಡಬೇಡ, ತಪಾಸಣೆಯ ಸೂತ್ರಗಳನ್ನು ಬರೆದುಕೊಡು ಎಂದಳು. ಆಗ ನೋಡಿ ಅದರ ನಿಜವಾದ ಕೆಲಸ! ಫೋನು ನಂಬರು ಹತ್ತೇ ಅಂಕೆಯಿದೆಯೇ, ಮೊದಲ ಅಂಕೆ ಆರು, ಏಳು, ಎಂಟು, ಒಂಬತ್ತರಲ್ಲಿ ಒಂದೇ, ನಡುವೆ ಅಕ್ಷರ ನುಸುಳಿದೆಯೇ, ಒಂದೇ ನಂಬರು ಎರಡು ಕಡೆ ಇದೆಯೇ, ಮುಂದೆ ಹಿಂದೆ ಕಾಣದ ತೆರಪು ಅಂಟಿಕೊಂಡಿದೆಯೇ, ರಕ್ತ ಕೊಟ್ಟ ತಾರೀಖು ಇಂದಿಗಿಂತ ಮುಂದಿನದೇ, ಎಂದು ಒಂದೊಂದಕ್ಕೂ ಸೂತ್ರವನ್ನು ಬರೆದು, ಅದು ಏನು ಮಾಡುತ್ತದೆಂದು ವಿವರಿಸಿಯೂ ಕೊಟ್ಟಿತು. ಆ ಸೂತ್ರಗಳನ್ನು ನಾವು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ, ನಮ್ಮ ಹಾಳೆಯ ಮೇಲೆ ಓಡಿಸಿದೆವು. ಫೋನು ನಂಬರುಗಳು ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ಎಣಿಕೆಯ ಕೆಲಸ ಎಣಿಸಲು ಬಲ್ಲ ಎಕ್ಸೆಲ್ಲಿಗೇ ಉಳಿಯಿತು. ಎಕ್ಸೆಲ್ಲಿನಲ್ಲಿ ನಿಯಮಕ್ಕೆ ಹೊಂದದ್ದರ ಸುತ್ತ ಕೆಂಪು ವೃತ್ತ ಹಾಕುವ ಒಂದು ಗುಂಡಿಯಿದೆ. ಅದನ್ನು ಒತ್ತಿದಾಗ ನಮ್ಮ ಪಟ್ಟಿ, ಶಾಲೆಯ ಮಾಸ್ತರರು ತಿದ್ದಿ ಎಸೆದ ಶುದ್ಧಬರಹದ ಪುಸ್ತಕದಂತೆ ಕಂಡಿತು.

ಒಬ್ಬರು 2052ರಲ್ಲಿ ರಕ್ತ ಕೊಟ್ಟಿದ್ದರು. 2025ಕ್ಕೂ ಅದಕ್ಕೂ ವ್ಯತ್ಯಾಸ 27, ಮೂರು ಒಂಬತ್ತಲ! ನಮ್ಮ ಹಿರಿಯ ಗುಮಾಸ್ತರು ಇದ್ದಿದ್ದರೆ ಮೀಸೆಯಲ್ಲಿ ನಗುತ್ತಿದ್ದರು. ವಯಸ್ಸಿನ ಕಾಲಮ್ಮಿನಲ್ಲಿಯೂ ಒಂದು ಕೆಂಪು ವೃತ್ತ. ಯಾರೆಂದು ನೋಡಿದರೆ ನಾನೇ. ರಕ್ತ ಕೊಡಲು 65 ಮೀರಿರಬಾರದು, ನನಗೋ ಎಪ್ಪತ್ತನಾಲ್ಕು. ಬ್ಯಾಂಕಿನವರು ಹಾರ ಹಾಕಿ ನಿವೃತ್ತಿ ಮಾಡಿದ್ದರು. ಇದು ಬರಿಯ ವೃತ್ತ ಹಾಕಿ ಮಾಡಿತು.

ಆದರೆ ನನ್ನ ನಗು ಅಲ್ಲಿಗೇ ನಿಂತಿತು. ಹನ್ನೊಂದು ಫೋನು ನಂಬರುಗಳಲ್ಲಿ ಸೊನ್ನೆ ಇರಬೇಕಾದಲ್ಲಿ ಓ ಅಕ್ಷರವೋ, ಒಂದು ಇರಬೇಕಾದಲ್ಲಿ ಇಂಗ್ಲಿಷಿನ ಸಣ್ಣ ಎಲ್ ಅಕ್ಷರವೋ ಇತ್ತು. ಕಣ್ಣಿಗೆ ಕಾಣಿಸದು. ನೋಡಿಕೊಂಡು ಬೆರಳಿನಿಂದ ಒತ್ತಿದರೆ ಫೋನು ಹೋಗುತ್ತದೆ. ಆದರೆ ಒಟ್ಟಾಗಿ ಬಿಟ್ಟ ಸಂದೇಶ ಮಾತ್ರ ತಲಪುವುದಿಲ್ಲ. ಆ ಮಳೆಯ ರಾತ್ರಿ ಈ ಹನ್ನೊಂದು ಮಂದಿಗೆ ನಮ್ಮ ಕರೆ ಮುಟ್ಟಿಯೇ ಇರಲಿಲ್ಲ. ಹನ್ನೊಂದರಲ್ಲಿ ಒಬ್ಬರು, ಆಸ್ಪತ್ರೆಯಿಂದ ಹತ್ತು ನಿಮಿಷದ ಆ ಓ ನೆಗೆಟಿವ್ ಮಹಾಶಯರು.

"ಇಂಥ ತಪ್ಪು ಯಾರು ಮಾಡಿಯಾರು ಅಜ್ಜ? ಕೀಲಿಮಣೆಯಲ್ಲಿ ಒಂದು, ಸೊನ್ನೆ ಎರಡೂ ಇವೆಯಲ್ಲ!" ಎಂದು ಹುಡುಗಿ ಬೆರಗಾದಳು. ನನಗೆ ಬೆರಗಾಗಲಿಲ್ಲ. ಐವತ್ತು ವರ್ಷದ ಹಿಂದೆ ನಾನು ಟೈಪಿಂಗು ಕಲಿತ ಯಂತ್ರದಲ್ಲಿ ಒಂದರ ಅಂಕೆಯೇ ಇರಲಿಲ್ಲ. ಸಣ್ಣ ಎಲ್ ಅಕ್ಷರವನ್ನೇ ಒಂದೆಂದು ಒತ್ತಬೇಕು. ಕೆಲವು ಯಂತ್ರಗಳಲ್ಲಿ ಸೊನ್ನೆಯೂ ಇಲ್ಲ. ದೊಡ್ಡ ಓ ಅಕ್ಷರವೇ ಸೊನ್ನೆ. ಕಾಗದದ ಮೇಲೆ ಓದುವವನು ಮನುಷ್ಯನಾದುದರಿಂದ ಆಗ ಯಾವ ಬಾಧಕವೂ ಇರಲಿಲ್ಲ. ಬೆರಳು ಕಲಿತದ್ದನ್ನು ಬೆರಳು ಮರೆಯುವುದಿಲ್ಲ. ಆ ಹನ್ನೊಂದು ಸಾಲುಗಳೂ 2014ರಲ್ಲಿ ನಾನು ಟೈಪು ಮಾಡಿದ ಭಾಗದವು. ಇಷ್ಟು ದಿನ ನಾನು ಶಿಬಿರದ ಹುಡುಗರನ್ನು ಬಯ್ಯುತ್ತಿದ್ದೆ. ಅವರು ಓ ಇರಬೇಕಾದಲ್ಲಿ ಸೊನ್ನೆ ಹಾಕಿದ್ದರು. ನಾನು ಅದೇ ಮನುಷ್ಯನಿಗೆ ಸೊನ್ನೆ ಇರಬೇಕಾದಲ್ಲಿ ಓ ಹಾಕಿದ್ದೆ. ಇಬ್ಬರೂ ಸೇರಿ ಅವರನ್ನು ಊರಿನಿಂದಲೇ ಮಾಯ ಮಾಡಿದ್ದೆವು. ಆ ತಿಂಗಳ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿಕೊಂಡೆ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಇನ್ನೊಂದು ಮಾತು, ಹುಡುಗರ ಪರವಾಗಿ. ಸೊನ್ನೆಯ ವಿಷಯದಲ್ಲಿ ಅವರು ಪೂರ್ತಿ ತಪ್ಪೂ ಅಲ್ಲ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಕಂಡುಹಿಡಿದಾಗ ಎ, ಬಿ, ಸಿ ಎಂದು ಹೆಸರಿಸಿದ್ದರು. 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಆ 'ಸಿ' ಆಮೇಲೆ 'ಓ' ಆಯಿತು. ಯೂರೋಪಿನ ಎಷ್ಟೋ ದೇಶಗಳಲ್ಲಿ ಇಂದಿಗೂ ಅದನ್ನು ಸೊನ್ನೆಯೆಂದೇ ಬರೆಯುತ್ತಾರೆ. ಹೀಗಾಗಿ, ಎರಡರಲ್ಲಿ ಒಂದನ್ನು ಹಿಡಿದು ಎಲ್ಲರೂ ಅದನ್ನೇ ಬರೆಯಬೇಕು, ಅಷ್ಟೆ. ಈಗ ನಮ್ಮ ಹಾಳೆಯಲ್ಲಿ ರಕ್ತದ ಗುಂಪನ್ನು ಬರೆಯಲು ಬರುವುದೇ ಇಲ್ಲ. ಎಂಟರಲ್ಲಿ ಒಂದನ್ನು ಆರಿಸಬೇಕು. ಹೊರಗಿನದನ್ನು ಅಂಟಿಸಲು ಬೇರೆ ಹಾಳೆಯಿದೆ. ಅಲ್ಲಿ ಸೂತ್ರಗಳ ಜರಡಿ ಹಿಡಿದ ಮೇಲೆಯೇ ಮುಖ್ಯ ಪಟ್ಟಿಗೆ ಪ್ರವೇಶ.

ಜರಡಿಯಲ್ಲಿ ನಿಲ್ಲದ ತಪ್ಪುಗಳೂ ಉಂಟು. ಆಧಾರ್ ಸಂಖ್ಯೆಯ ಕೊನೆಯ ಅಂಕೆ, ಹಾಲೆಂಡಿನ ವೆರ್‌ಹೂಫ್ ಎಂಬ ಗಣಿತಜ್ಞ 1969ರಲ್ಲಿ ಪ್ರಕಟಿಸಿದ ವಿಧಾನದಿಂದ ಬಂದದ್ದು. ಅದರಲ್ಲಿ ಯಾವುದೇ ಒಂದು ಅಂಕೆ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕೆ ಅದಲು ಬದಲಾದರೂ ಲೆಕ್ಕ ಕೂಡುವುದಿಲ್ಲ. ಮೊಬೈಲು ನಂಬರಿಗೆ ಅಂಥ ರಕ್ಷೆಯಿಲ್ಲ; ಎರಡು ಅಂಕೆ ಹಿಂದು ಮುಂದಾದರೆ ಅದೂ ಯಾರದೋ ಒಂದು ಒಳ್ಳೆಯ ನಂಬರೇ. ಒಂದೇ ನಂಬರು ಎರಡು ಕಡೆ ಇದ್ದ ಒಂಬತ್ತು ಜೋಡಿಗಳನ್ನು ಸೂತ್ರ ಹಿಡಿದುಕೊಟ್ಟಿತು. ಎಂಟು ಗಂಡಹೆಂಡಿರು. ಅದು ತಪ್ಪಲ್ಲ, ಸಂಸಾರ.

ಆ ರಾತ್ರಿ ನಾನು ಫೋನು ಮಾಡಿದ ತಾಯಿಯ ಮನೆಯ ಸಾಲಿನಲ್ಲಿ ಮಾತ್ರ ಒಂದು ಕೆಂಪು ವೃತ್ತವೂ ಬೀಳಲಿಲ್ಲ. ಹತ್ತು ಅಂಕೆಯ ನಂಬರು ಸರಿ, ವಯಸ್ಸು ಸರಿ, ಗುಂಪು ಸರಿ, ಪಿನ್‌ಕೋಡು ಸರಿ. ಇಡೀ ಪಟ್ಟಿಯಲ್ಲಿ ಅಷ್ಟು ಅಚ್ಚುಕಟ್ಟಾದ ಸಾಲು ಇನ್ನೊಂದಿರಲಿಲ್ಲ. ಮನುಷ್ಯ ಮಾತ್ರ ಇಲ್ಲ. ಇದಕ್ಕೇನು ಸೂತ್ರವೆಂದು ಹುಡುಗಿ ಸಹಾಯಕನನ್ನೇ ಕೇಳಿದಳು. ಕಳೆದ ಸಲ ವಿಚಾರಿಸಿದ ತಾರೀಖಿಗೊಂದು ಕಾಲಮ್ಮು ಇಟ್ಟು, ವರ್ಷ ಮೀರಿದವರಿಗೆ ಬಣ್ಣ ಹಚ್ಚಿ, ಅವರಿಗೆ ಫೋನು ಮಾಡಿ ಕೇಳಿರಿ ಎಂದಿತು. ಈ ಸಲ ಅದು ಹೇಳಿದ್ದರಲ್ಲಿ ನನಗೆ ಒಂದೂ ತಪ್ಪು ಸಿಗಲಿಲ್ಲ.

438 ಸಾಲುಗಳನ್ನು ಸಮಿತಿಯ ಹನ್ನೆರಡು ಮಂದಿ ಹಂಚಿಕೊಂಡು ಆಗಸ್ಟ್ ತಿಂಗಳಿಡೀ ಫೋನು ಮಾಡಿದೆವು. ನನ್ನ ಪಾಲಿನ ಮೊದಲ ಫೋನು ಆ ತಾಯಿಗೆ. ಹುಡುಗಿಗೆ ರಕ್ತ ಸಿಕ್ಕಿದ ಸುದ್ದಿಯನ್ನು ಆವೊತ್ತೇ ಹೇಳಿದ್ದೆ. ಈಗ ಅವಳು ಊರಿಗೆ ಹೋದದ್ದನ್ನೂ ಹೇಳಿದೆ. ಯಜಮಾನರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ, ಇನ್ನು ಇಂಥ ಫೋನು ಬರುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನಾಲ್ಕು ಸಲ ಕೊಟ್ಟಿದ್ದರು ರಾಯರೇ. ತೆಗೆಯದೆ ಇರ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಹಾಳೆಯಲ್ಲಿ ಈಗ 'ಸ್ಥಿತಿ' ಎಂಬ ಹೊಸ ಕಾಲಮ್ಮಿದೆ. ಅವರ ಸಾಲು ಉಳಿದಿದೆ, ಹುಡುಕುವಾಗ ಬರುವುದಿಲ್ಲ. ನನ್ನ ಸಾಲಿನ ಮುಂದೆಯೂ ಆ ಕಾಲಮ್ಮಿನಲ್ಲಿ 'ನಿವೃತ್ತ' ಎಂದು ಮೊಮ್ಮಗಳೇ ಆರಿಸಿದ್ದಾಳೆ.

ಈ ಬರಹ ಅಚ್ಚಿಗೆ ಹೋಗುವ ಹೊತ್ತಿಗೆ ಇಪ್ಪತ್ತಾರು ಮಂದಿ ಇನ್ನೂ ಫೋನು ಎತ್ತಿಲ್ಲ. ಹೆಚ್ಚಿನವರು ಡೊಂಬಿವಲಿ, ಕಲ್ಯಾಣದ ಕಡೆಯವರು. ನಂಬರು ಬದಲಾಗಿರಬಹುದು, ಅಥವಾ ನನ್ನ ಬೆರಳಿನ ಪ್ರತಾಪವಿರಬಹುದು. ಸಂಘದಿಂದ ವರ್ಷದೊಳಗೆ ಯಾವ ಸಂದೇಶವೂ ಬಾರದ ಸದಸ್ಯರು ದಯವಿಟ್ಟು ಕಾರ್ಯದರ್ಶಿಗಳಿಗೆ ತಾವೇ ಒಂದು ಫೋನು ಮಾಡಬೇಕು. ರಕ್ತದ ಗುಂಪನ್ನು ಹೇಳುವಾಗ ನೆನಪಿನಿಂದ ಹೇಳದೆ, ಪ್ರಯೋಗಶಾಲೆಯ ಚೀಟಿ ನೋಡಿ ಹೇಳಿರಿ.